ನಡುಗುವ ಕರಸ್ಥಲ



ಎಪ್ಪತ್ತು ದಾಟಿದ ಹಿರಿಯ ಭಕ್ತರೊಬ್ಬರು ಕೆಲವು ತಿಂಗಳ ಹಿಂದೆ ತಮ್ಮ ಪತ್ನಿಯೊಡನೆ ನಮ್ಮ ಬಳಿಗೆ ಬಂದಿದ್ದರು. “ಶಾಸ್ತ್ರಿಗಳೇ, ಲಿಂಗಪೂಜೆ ಬಿಟ್ಟು ನಾಲ್ಕು ತಿಂಗಳಾಯಿತು” ಎಂದು ತಲೆ ತಗ್ಗಿಸಿದರು. ಅವರ ಎಡಗೈ ನಡುಗುತ್ತಿತ್ತು. ವೈದ್ಯರು ಅದನ್ನು ಪಾರ್ಕಿನ್‌ಸನ್ ವ್ಯಾಧಿಯೆಂದು ಹೇಳಿದ್ದರು. ಲಿಂಗವು ಕೈಜಾರುವುದು ಮಹಾದೋಷವೆಂದು ಬಾಲ್ಯದಿಂದ ಕೇಳಿ ಬೆಳೆದ ಜೀವವದು. “ಒಂದು ದಿನ ಕೈ ಮಾತು ಕೇಳುತ್ತದೆ, ಮರುದಿನ ಕೇಳುವುದಿಲ್ಲ. ನಾಳೆ ಹೇಗೋ ಎಂಬ ಚಿಂತೆಯಲ್ಲಿ ರಾತ್ರಿ ನಿದ್ರೆಯಿಲ್ಲ. ನನ್ನ ಭಕ್ತಿಯೇ ಸಡಿಲವಾಯಿತೇ?” ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲವೆಂದು ನಾವು ಬಲ್ಲೆವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ವ್ಯಾಧಿಯನ್ನು ಕುರಿತು ಪ್ರಬಂಧ ಬರೆದನು. ನಮ್ಮ ಆಯುರ್ವೇದದ ವಿದ್ವಾಂಸರು ಇದನ್ನು ಕಂಪವಾತಕ್ಕೆ ಹೋಲಿಸುವರು. ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಜೀವಕೋಶಗಳು ಕ್ಷಯಿಸುವುದರಿಂದ ನಡುಕ, ಬಿಗಿತ, ನಿಧಾನಗತಿಗಳು ತಲೆದೋರುತ್ತವೆ. ಮೆದುಳಿನ ಇಂಥ ವ್ಯತ್ಯಾಸಗಳಿಂದಲೇ ಆತಂಕವೂ ಖಿನ್ನತೆಯೂ ಉಂಟಾಗಬಲ್ಲವು. ಕೆಲವರಲ್ಲಿ ನಡುಕಕ್ಕೆ ವರ್ಷಗಳ ಮೊದಲೇ ಅವು ಕಾಣಿಸಿಕೊಳ್ಳುತ್ತವೆ. ಆದುದರಿಂದ ರೋಗಿಯ ಕುಗ್ಗಿದ ಮನಸ್ಸನ್ನು ಭಕ್ತಿಯ ಕೊರತೆಯೆಂದು ಎಣಿಸುವುದು ಅಜ್ಞಾನ.

ಇದರ ಮೇಲೆ ಅನಿಶ್ಚಿತತೆಯ ಭಾರ ಬೇರೆ. ಲೆವೊಡೋಪಾ ಎಂಬ ಔಷಧಿ ಬಹುಮಟ್ಟಿಗೆ ಗುಣ ಕೊಡುತ್ತದೆ. ಆದರೆ ವರ್ಷಗಳು ಕಳೆದಂತೆ ಅನೇಕರಲ್ಲಿ ಮುಂದಿನ ಮಾತ್ರೆಯ ವೇಳೆಗೆ ಮೊದಲೇ ಅದರ ಬಲ ಇಳಿಯುತ್ತದೆ. ಈಗ ನಡೆದಾಡಿದವರು ಇನ್ನೊಂದು ಗಳಿಗೆಗೆ ಹೊಸ್ತಿಲ ಬಳಿ ಕಾಲು ಕಿತ್ತಿಡಲಾರದೆ ನಿಲ್ಲಬಹುದು. ಮದುವೆ, ಜಾತ್ರೆಗಳಿಗೆ ಹೋಗಲು ಅವರು ಅಂಜುವುದು ಇದಕ್ಕಾಗಿಯೇ. ಅಂಜಿದಷ್ಟೂ ನಡುಕ ಹೆಚ್ಚುತ್ತದೆ, ನಡುಕ ಹೆಚ್ಚಿದಷ್ಟೂ ಅಂಜಿಕೆ ಬೆಳೆಯುತ್ತದೆ. ಮುಖದ ಸ್ನಾಯುಗಳು ಬಿಗಿದು ನಗೆಯೂ ಮರೆಯಾಗುವುದರಿಂದ, “ಅಜ್ಜನಿಗೆ ಸದಾ ಸಿಟ್ಟು” ಎಂದು ಮನೆಯವರೇ ತಪ್ಪು ತಿಳಿಯುವುದುಂಟು.

ಮನೆಯವರಲ್ಲಿ ನಮ್ಮ ವಿನಂತಿಯಿಷ್ಟು. ಮಾತ್ರೆಯನ್ನು ಗಡಿಯಾರ ನೋಡಿ ಕೊಡಿರಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಉಂಟೆಂಬುದು ನಿಜ. ಹಾಗೆಂದು ಅದರ ಪುಡಿಯನ್ನು ತಾವೇ ಕೊಡುವುದು ಅಪಾಯ. ಕೈನಡುಕವನ್ನು ಹೇಳುವಂತೆಯೇ ನಿದ್ರೆಯಿಲ್ಲದಿರುವುದನ್ನೂ ಬೇಸರವನ್ನೂ ವೈದ್ಯರಿಗೆ ಹೇಳಿರಿ, ಅವಕ್ಕೂ ಚಿಕಿತ್ಸೆಯುಂಟು. “ಬೇಗ, ಬೇಗ” ಎನ್ನಬೇಡಿರಿ. “ಎಲ್ಲ ಸರಿಹೋಗುತ್ತದೆ” ಎಂಬ ಹುಸಿ ಭರವಸೆಯನ್ನೂ ಕೊಡಬೇಡಿರಿ. ಈ ವ್ಯಾಧಿಯ ಗತಿ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ ವೈದ್ಯರೂ ನಾಳೆಯನ್ನು ಕರಾರುವಾಕ್ಕಾಗಿ ಹೇಳಲಾರರು. “ನಾಳೆ ಹೇಗಿದ್ದರೂ ನಾವು ಜೊತೆಗಿದ್ದೇವೆ” ಎಂಬುದೊಂದೇ ಸುಳ್ಳಾಗದ ಮಾತು.

ಆ ಹಿರಿಯರಿಗೆ ನಾವು ಹೇಳಿದುದು ಇಷ್ಟೇ: ಮಾತ್ರೆಯ ಗುಣ ಹಿಡಿದ ಮೇಲೆ ಪೂಜೆಗೆ ಕೂಡಿರಿ, ವೇಳೆ ಬದಲಾದರೆ ದೋಷವಿಲ್ಲ. ಮಡಿಲಲ್ಲಿ ಮಡಿವಸ್ತ್ರ ಹಾಸಿಕೊಂಡು ಅದರ ಮೇಲೆ ಕೈಯೂರಿರಿ. ಬಳಿಕ ಅವರ ಪತ್ನಿಯ ಕಡೆಗೆ ತಿರುಗಿ, “ತಾಯಿ, ಆ ಅಂಗೈಯ ಕೆಳಗೆ ನಿಮ್ಮ ಅಂಗೈ ಇರಲಿ” ಎಂದೆವು.

ಕಳೆದ ವಾರ ಅವರಿಬ್ಬರೂ ಮತ್ತೆ ಬಂದಿದ್ದರು. ಕೈ ಈಗಲೂ ನಡುಗುತ್ತದೆ. ಕೆಲವು ದಿನ ಪೂಜೆ ಅರ್ಧಕ್ಕೇ ನಿಲ್ಲುತ್ತದಂತೆ. “ಆದರೆ ಬಿಟ್ಟಿಲ್ಲ” ಎಂದರು ಆ ತಾಯಿ.