ಅರ್ಥವರಿಯದ ಅಡ್ಡಗೆರೆ

ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಪದವೊಂದು ಹಿಡಿಸದೆ ಹೋದರೆ ಅದನ್ನು ಎಲ್ಲಿ ಬೇಕಾದರೂ ಕಡಿದು, ಒಂದು ಅಡ್ಡಗೆರೆ ಎಳೆದು, ಉಳಿದುದನ್ನು ಕೆಳಗಿನ ಸಾಲಿಗೆ ತಳ್ಳಿದರಾಯಿತು ಎಂಬುದು ನಮ್ಮ ವಿದ್ಯಾವಂತರಲ್ಲಿ ಅನೇಕರ ನಂಬಿಕೆ. ಆಕ್ಷೇಪಿಸಿದರೆ, 'ಹೈಫನ್ ಎಂದರೆ ಒಂದು ಗೆರೆ ತಾನೆ ಸ್ವಾಮಿ, ಅದಕ್ಕೇಕಿಷ್ಟು ರಂಪ?' ಎಂದು ನಗುತ್ತಾರೆ. ನಗುವವರು ನಗಲಿ. ಆದರೆ ಆ ಗೆರೆ ಪದವನ್ನಷ್ಟೇ ಅಲ್ಲ, ಅರ್ಥವನ್ನೂ ಸೀಳಬಲ್ಲುದೆಂಬುದನ್ನು ಅವರು ತಿಳಿಯಬೇಡವೆ?

'ಮ್ಯಾನ್‌ಸ್ಲಾಟರ್' ಎಂಬ ಪದವನ್ನೇ ನೋಡಿ. ಅದರ ಅರ್ಥ ನರಹತ್ಯೆ. 'ಮ್ಯಾನ್' ಆದ ಮೇಲೆ ಗೆರೆಯೆಳೆದರೆ ಅರ್ಥಕ್ಕೆ ಭಂಗವಿಲ್ಲ. ಅಲ್ಲಿಂದ ಒಂದಕ್ಷರ ಮುಂದೆ ಸರಿದು, 'ಎಸ್' ಆದ ಮೇಲೆ ಎಳೆದಿರೋ, ಅದೇ ಅಕ್ಷರಗಳಲ್ಲಿ ಮನುಷ್ಯನ ನಗೆ ಕಾಣಿಸಿಕೊಳ್ಳುತ್ತದೆ! ಹತ್ಯೆಗೂ ಹಾಸ್ಯಕ್ಕೂ ನಡುವೆ ಒಂದೇ ಅಕ್ಷರ.

ಸಾಲಿನ ಕೊನೆಯ ಮಾತು ಹಾಗಿರಲಿ. ಸಾಲಿನ ನಡುವೆಯೂ ಈ ಗೆರೆಯ ಅಧಿಕಾರ ಕಡಿಮೆಯದಲ್ಲ. 'ರಿಸೈನ್' ಎಂದರೆ ರಾಜೀನಾಮೆ ಕೊಡುವುದು. 'ರಿ' ಆದ ಮೇಲೆ ಹೈಫನ್ ಇಟ್ಟರೆ ಮತ್ತೊಮ್ಮೆ ಸಹಿ ಹಾಕುವುದು. ಕರಾರು ಮುಗಿದ ಗುಮಾಸ್ತನೊಬ್ಬ, ಇನ್ನೊಂದು ವರ್ಷಕ್ಕೆ ಸಹಿ ಹಾಕಲು ಸಿದ್ಧನಿದ್ದೇನೆಂದು ಬರೆಯುವಾಗ ಗೆರೆಯನ್ನು ಮರೆತರೆ, ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

ಇದೆಲ್ಲ ಇಂಗ್ಲಿಷಿನ ವಕ್ರತನ ಎನ್ನುವವರುಂಟು. ನಮ್ಮ ಕನ್ನಡವೇನು ಕಡಿಮೆಯೆ? 'ಅವನಲ್ಲಿದ್ದ' ಎಂಬುದನ್ನು 'ಅವನು ಅಲ್ಲಿದ್ದ' ಎಂದು ಬಿಡಿಸಿದರೆ ಒಂದರ್ಥ. 'ಅವನಲ್ಲಿ ಇದ್ದ' ಎಂದು ಬಿಡಿಸಿದರೆ ಇನ್ನೊಂದು. ಆದ್ದರಿಂದಲೇ ನಮ್ಮ ಪಂಡಿತರು ಪದ್ಯಕ್ಕೆ ಅರ್ಥ ಹೇಳುವ ಮೊದಲು ಪದಚ್ಛೇದ ಮಾಡಿಸುತ್ತಿದ್ದರು. ತಪ್ಪಾಗಿ ಬಿಡಿಸಿದ ಶಿಷ್ಯನಿಗೆ ಅರ್ಥವಾಗಿಲ್ಲವೆಂದು ಅಲ್ಲಿಯೇ ಗೊತ್ತಾಗುತ್ತಿತ್ತು. ಸ್ವಂತ ಭಾಷೆಯಲ್ಲಿ ಇಷ್ಟು ಎಚ್ಚರ ಕಲಿತವರು, ಇಂಗ್ಲಿಷಿನ ಮುಂದೆ ಕುಳಿತೊಡನೆ ಅದನ್ನೇಕೆ ಮರೆಯಬೇಕು?

'ಈಗ ಕಂಪ್ಯೂಟರ್ ಇದೆ, ಅದೇ ಕತ್ತರಿಸಿಕೊಡುತ್ತದೆ' ಎಂಬುದು ಕೊನೆಯ ವಾದ. ಆ ಯಂತ್ರದ ಕಥೆಯನ್ನೂ ಕೇಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕ್ನೂತ್ ಅವರ ಶಿಷ್ಯರಾದ ಫ್ರಾಂಕ್ ಲಿಯಾಂಗ್ 1983ರಲ್ಲಿ ಇದೇ ವಿಷಯದ ಮೇಲೆ ಪ್ರೌಢಪ್ರಬಂಧ ಬರೆದರು. ಅಕ್ಷರಗಳ ಜೋಡಣೆಯನ್ನು ನೋಡಿಯೇ ಪದವನ್ನು ಎಲ್ಲಿ ಒಡೆಯಬಹುದೆಂದು ಹೇಳುವ ವಿಧಾನ ಅವರದು. ಕ್ನೂತ್ ಅವರ 'ಟೆಕ್' ಎಂಬ ಮುದ್ರಣ ವ್ಯವಸ್ಥೆ ಅದನ್ನು ಅಳವಡಿಸಿಕೊಂಡಿತು. ನಿಘಂಟು ತೋರಿಸುವ ಒಡೆಯುವ ಜಾಗಗಳಲ್ಲಿ ಶೇಕಡಾ 89ರಷ್ಟನ್ನು ಅದು ಕಂಡುಹಿಡಿಯಬಲ್ಲುದು. ಉಳಿದ ಕಡೆ ಸುಮ್ಮನಿರುತ್ತದೆ. ಜೊತೆಗೆ 14 ಪದಗಳ ಒಂದು ಅಪವಾದಗಳ ಪಟ್ಟಿಯೂ ಇದೆ. ಅದರಲ್ಲಿ 'ಪ್ರೆಸೆಂಟ್', 'ಪ್ರಾಜೆಕ್ಟ್' ಎಂಬ ಪದಗಳಿಗೂ ಅವುಗಳ ಬಹುವಚನಕ್ಕೂ ಆಜ್ಞೆ ಒಂದೇ: ಎಲ್ಲಿಯೂ ಒಡೆಯಬೇಡ.

ಏಕೆ ಹೀಗೆ? 'ಪ್ರೆಸೆಂಟ್' ಎಂದರೆ ಉಡುಗೊರೆಯಾದಾಗ, ಅಮೆರಿಕದ ನಿಘಂಟುಗಳ ಪ್ರಕಾರ, 'ಎಸ್' ಆದ ಮೇಲೆ ಒಡೆಯಬೇಕು. ಅರ್ಪಿಸುವುದೆಂಬ ಕ್ರಿಯಾಪದವಾದಾಗ 'ಎಸ್'ಗಿಂತ ಮೊದಲೇ ಒಡೆಯಬೇಕು. ಕಾಗುಣಿತ ಒಂದೇ, ಅರ್ಥ ಎರಡು. ಅರ್ಥ ತಿಳಿಯದ ಯಂತ್ರಕ್ಕೆ ಅದನ್ನು ಕಟ್ಟಿದವರು, ತಿಳಿಯದೆಡೆ ಕೈಹಾಕಬೇಡವೆಂದು ವಿನಯವನ್ನು ಕಲಿಸಿದರು.

ನಮ್ಮ ಶಾಲೆಗಳು ಕಲಿಸದಿರುವುದು ಈ ವಿನಯವನ್ನೇ. ಮಗು ಕಾಗುಣಿತವನ್ನು ಗಿಳಿಯಂತೆ ಒಪ್ಪಿಸಿದರೆ ಸಾಕು, ಅಂಕ ಸಿಗುತ್ತದೆ. ಪದದ ಕೀಲು ಎಲ್ಲಿದೆ, ಏಕೆ ಅಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಪದವೊಂದನ್ನು ಬಿಡಿಸಿ ತೋರಿಸೆಂದು ಕೇಳಿ ನೋಡಿ. ಬಾಯಿಪಾಠ ಯಾವುದು, ತಿಳಿವಳಿಕೆ ಯಾವುದು ಎಂಬುದು ಆ ಕ್ಷಣವೇ ಹೊರಬೀಳುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕತ್ತರಿಸುವ ಮೊದಲು ನಿಘಂಟನ್ನು ತೆರೆಯಿರಿ. ವೆಬ್‌ಸ್ಟರ್ ನಿಘಂಟುಗಳಲ್ಲಿ ಪದದ ನಡುವೆ ಚುಕ್ಕಿಯಿಟ್ಟು ಒಡೆಯುವ ಜಾಗವನ್ನು ತೋರಿಸಿರುತ್ತಾರೆ. ಅಷ್ಟಕ್ಕೂ ಪುರಸೊತ್ತಿಲ್ಲವೆ? ಪದವನ್ನು ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸಿಬಿಡಿ. ಸಾಲಿನ ಕೊನೆಯಲ್ಲಿ ಎರಡು ಬೆರಳು ಜಾಗ ಖಾಲಿ ಉಳಿದರೆ ಲೋಕ ಮುಳುಗುವುದಿಲ್ಲ.