ಕೆಲಸ ಕೈತಪ್ಪುವುದು ಸೈಬರ್ ಸೆಂಟರಿನಲ್ಲಿ

ಬಿಹಾರದ ಬಡ ಕುಟುಂಬದ ಹುಡುಗನೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಿದ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾರಣ ಸೈಬರ್ ಕೆಫೆಯವನ ಕೈಯಲ್ಲಿ ತುಂಬಿಸಿದ. ಹುಟ್ಟಿದ ತಾರೀಖು 18 ಇದ್ದದ್ದು ಅರ್ಜಿಯಲ್ಲಿ 8 ಆಯಿತು. ಲಿಖಿತ ಪರೀಕ್ಷೆ ಪಾಸಾದ, ದೈಹಿಕ ಪರೀಕ್ಷೆಯನ್ನೂ ದಾಟಿದ. ದಾಖಲೆ ಪರಿಶೀಲನೆಗೆ ಹೋದಾಗ ಅಂಕಪಟ್ಟಿ ಒಂದು ಹೇಳುತ್ತಿತ್ತು, ಅರ್ಜಿ ಇನ್ನೊಂದು ಹೇಳುತ್ತಿತ್ತು. 2018ರ ಫಲಿತಾಂಶದಲ್ಲಿ ಅವನನ್ನು ಫೇಲ್ ಎಂದು ಬರೆದರು. ಯಾವ ತಾರೀಖು ಹಿಡಿದರೂ ಅವನ ವಯಸ್ಸು ಮಿತಿಯೊಳಗೇ ಇತ್ತು, ಆ ತಪ್ಪಿನಿಂದ ಅವನಿಗೆ ಮೂರು ಕಾಸಿನ ಲಾಭವೂ ಇರಲಿಲ್ಲ. ಹೈಕೋರ್ಟಿನಲ್ಲಿ ಸೋತ. ಕೊನೆಗೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ‘ಇದು ಕ್ಷುಲ್ಲಕ ತಪ್ಪು, ಇದಕ್ಕಾಗಿ ಕೆಲಸ ಕಿತ್ತುಕೊಳ್ಳಬೇಡಿ’ ಎಂಬರ್ಥದ ತೀರ್ಪು ಕೊಟ್ಟು ನೇಮಕಕ್ಕೆ ಆದೇಶಿಸಿತು. ಒಂದೇ ಒಂದು ಅಂಕಿ ಬಿಟ್ಟುಹೋದದ್ದಕ್ಕೆ ಐದು ವರ್ಷಕ್ಕೂ ಮಿಕ್ಕಿ ಅಲೆದಾಟ.

ಇದನ್ನು ಓದಿ ‘ಕೋರ್ಟು ಇದೆಯಲ್ಲ’ ಎಂದು ನಿಶ್ಚಿಂತರಾಗಬೇಡಿ. ಆ ತೀರ್ಪು ಕೊಟ್ಟ ನ್ಯಾಯಮೂರ್ತಿ ಜೆ.ಕೆ. ಮಾಹೇಶ್ವರಿ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರ ಪೀಠವೇ, ಅದಕ್ಕೆ ಕೆಲವೇ ತಿಂಗಳ ಹಿಂದೆ, 2023ರ ಅಕ್ಟೋಬರ್‌ನಲ್ಲಿ, ಯುಪಿಎಸ್‌ಸಿ ಅಭ್ಯರ್ಥಿಗಳ ಇನ್ನೊಂದು ಪ್ರಕರಣದಲ್ಲಿ ‘ಆಗುವುದಿಲ್ಲ’ ಎಂದಿತ್ತು. ಆರ್ಥಿಕವಾಗಿ ಹಿಂದುಳಿದ ವರ್ಗದ ಮೀಸಲಾತಿ ಕೇಳಿದ್ದ ಅವರು ಕೊನೆಯ ದಿನಾಂಕದೊಳಗೆ ಸರಿಯಾದ ಪ್ರಮಾಣಪತ್ರ ಪಡೆದಿರಲಿಲ್ಲ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಮೂರನ್ನೂ ದಾಟಿ ಬಂದಿದ್ದರೂ ಆ ಕೋಟಾ ಅವರಿಗೆ ದಕ್ಕಲಿಲ್ಲ. ಬೆರಳು ತಪ್ಪಿ ಬಂದ ಅಂಕಿಯನ್ನು ಕಾನೂನು ಕ್ಷಮಿಸಬಹುದು, ತಾರೀಖು ಮೀರಿದ ಕಾಗದವನ್ನು ಅಷ್ಟು ಸುಲಭವಾಗಿ ಕ್ಷಮಿಸುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಆಗುವುದು ಎರಡನೇ ಜಾತಿಯ ತಪ್ಪು.

ಅರ್ಜಿಯ ಕಡೇ ದಿನ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ನಿಂತು ನೋಡಿ. ಜೆರಾಕ್ಸ್ ಅಂಗಡಿಯ ಮುಂದೆ ಸಾಲು, ಒಳಗೆ ಸರ್ವರ್ ಡೌನ್. ಅಂಗಡಿಯವನು ಒಂದು ಕಣ್ಣು ಸ್ಕ್ರೀನಿನ ಮೇಲೆ, ಇನ್ನೊಂದು ಕಣ್ಣು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡೇ ಕೇಳುತ್ತಾನೆ:

“ಗ್ರಾಮೀಣಾನಾ?”

“ಹೂಂ ಅಣ್ಣ, ನಮ್ದು ಹಳ್ಳಿನೇ.”

“ಕನ್ನಡ ಮೀಡಿಯಮ್ಮಾ?”

“ಹೂಂ.”

“ಆರ್‌ಡಿ ನಂಬರ್ ಹೇಳಮ್ಮ.”

ಹುಡುಗಿ ಅಪ್ಪನಿಗೆ ಫೋನ್ ಮಾಡುತ್ತಾಳೆ. ಅಪ್ಪ ಬೀರು ತೆಗೆದು, ಪ್ಲಾಸ್ಟಿಕ್ ಕವರಿನಿಂದ ಜಾತಿ ಸರ್ಟಿಫಿಕೇಟು ಹುಡುಕಿ ನಂಬರ್ ಓದುತ್ತಾನೆ. ಅದು ಆರು ವರ್ಷದ ಹಿಂದೆ ಮಾಡಿಸಿದ್ದು. “ಅದೇ ಹಾಕಣ್ಣ, ಸೆಲೆಕ್ಟ್ ಆದ್ರೆ ಹೊಸದು ಮಾಡಿಸ್ಕೊಂಡ್ರಾಯ್ತು.” ಹಿಂದೆ ನಿಂತವರು “ಬೇಗ ಮುಗ್ಸಮ್ಮ” ಎನ್ನುತ್ತಾರೆ. ಹಣ ಕಟ್ಟಿದ್ದಾಯಿತು, ಪ್ರಿಂಟು ಬಂತು. ಅದನ್ನು ಯಾರೂ ಓದಲಿಲ್ಲ.

ಇಷ್ಟು ಮಾತಿನಲ್ಲಿ ಎಷ್ಟು ಎಡವಟ್ಟಾಗಿದೆ ನೋಡಿ. ಗ್ರಾಮೀಣ ಮೀಸಲಾತಿ ನಿಮ್ಮ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ನೀವು ಓದಿದ ಶಾಲೆ ಎಲ್ಲಿತ್ತು ಎಂದು ಕೇಳುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳನೇ ಕ್ಲಾಸಿನವರೆಗೆ ಊರಿನಲ್ಲಿ ಓದಿ ಹೈಸ್ಕೂಲಿಗೆ ಪೇಟೆಗೆ ಹೋದವರು, ಬಸ್ಸಿನಲ್ಲಿ ನೇತಾಡಿಕೊಂಡೇ ಹೋಗಿಬಂದಿದ್ದರೂ, ಈ ಲೆಕ್ಕದಲ್ಲಿ ಗ್ರಾಮೀಣರಲ್ಲ. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಹತ್ತು ವರ್ಷದ ಲೆಕ್ಕ. ಗ್ರಾಮೀಣರಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5. ಒಂದು ಅಂಕದಲ್ಲಿ ನೂರಾರು ಜನ ನಿಂತಿರುವ ಪಟ್ಟಿಯಲ್ಲಿ ಇದೇನು ಸಣ್ಣ ಬಾಬತ್ತಲ್ಲ. ಇದ್ದೂ ಟಿಕ್ ಹಾಕದವರು ಸಾಮಾನ್ಯ ಸ್ಪರ್ಧೆಗೆ ಬೀಳುತ್ತಾರೆ, ‘ಮರೆತೆ ಸಾರ್’ ಎಂದು ಆಮೇಲೆ ಗೋಗರೆದರೂ ನಡೆಯುವುದಿಲ್ಲ. ಇಲ್ಲದೆಯೂ ಟಿಕ್ ಹಾಕಿದವರು ಪರಿಶೀಲನೆಯ ಮೇಜಿನ ಮುಂದೆ ಬೆವರುತ್ತಾರೆ.

ಇನ್ನು ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಈ ಕೊನೆಯ ನಾಲ್ಕಕ್ಕೆ ಆದಾಯವೂ ಸೇರಿರುವುದರಿಂದ ಐದು ವರ್ಷದ ಅವಧಿ. ಅರ್ಜಿಯ ಕೊನೆಯ ದಿನದಂದು ಅದು ಚಾಲ್ತಿಯಲ್ಲಿರಬೇಕು. ‘ಆಯ್ಕೆಯಾದರೆ ಮಾಡಿಸೋಣ’ ಎಂಬ ಉಳಿತಾಯ ಬುದ್ಧಿ ಇಲ್ಲಿ ಕೈ ಕೊಡುತ್ತದೆ, ಏಕೆಂದರೆ ಹೊಸ ಪತ್ರದ ಮೇಲೆ ಹೊಸ ತಾರೀಖು ಇರುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಗಂಡನ ಹೆಸರು, ಗಂಡನ ಜಾತಿ ಹಾಕಿ ಪತ್ರ ಮಾಡಿಸಿಕೊಂಡು ಬರುವುದೂ ಉಂಟು. ಸ್ವಾಮಿ, ಮದುವೆಯಿಂದ ಮನೆ ಬದಲಾಗಬಹುದು, ಮೀಸಲಾತಿಯ ಜಾತಿ ಬದಲಾಗುವುದಿಲ್ಲ. ಅದು ತವರಿನದೇ.

ಇದೇ ನಮೂನೆ-ಎಫ್ ಹಿಡಿದು ರೈಲ್ವೆಗೋ ಬ್ಯಾಂಕಿಗೋ ಎಸ್‌ಎಸ್‌ಸಿಗೋ ಹೋದರೆ ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಕೇಂದ್ರದ ನೌಕರಿಗೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಇದನ್ನು ತಹಶೀಲ್ದಾರ್ ಕಚೇರಿಯ ಬಾಗಿಲಲ್ಲಿ ನಿಂತು ತಿಳಿದುಕೊಳ್ಳುವ ಬದಲು ಅರ್ಜಿ ಹಾಕುವ ಮೊದಲೇ ನೋಡಿಕೊಂಡರೆ ಒಂದು ವರ್ಷ ಉಳಿಯುತ್ತದೆ. ಕಲ್ಯಾಣ ಕರ್ನಾಟಕದವರಿಗಂತೂ 371(ಜೆ) ದೊಡ್ಡ ಆಸರೆ: ಅಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಅವರಿಗೇ. ಆದರೆ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಅರ್ಜಿಯ ಗಡುವು ಮುಗಿದಿರುತ್ತದೆ, ಕಡತ ಇನ್ನೂ ಮೇಜಿನ ಮೇಲೇ ಇರುತ್ತದೆ.

ಹೆಸರಿನ ಗೋಳು ಬೇರೆಯೇ ಒಂದು ಅಧ್ಯಾಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಹೆಚ್’, ಆಧಾರ್‌ನಲ್ಲಿ ‘ಹೆಚ್ ಮಂಜುನಾಥ್’, ಡಿಗ್ರಿಯಲ್ಲಿ ‘ಮಂಜುನಾಥ ಹನುಮಂತಪ್ಪ’. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿರುವಂತೆಯೇ ಅಕ್ಷರ ಅಕ್ಷರ ಬರೆಯಬೇಕು, ಉಳಿದ ದಾಖಲೆಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಬೇಕು. ಇದಕ್ಕೆ ಅಧಿಸೂಚನೆಗಾಗಿ ಕಾಯಬೇಕಿಲ್ಲ, ಡಿಗ್ರಿ ಓದುವಾಗಲೇ ಮುಗಿಸಿಕೊಳ್ಳಬಹುದು.

ಇದೆಲ್ಲಕ್ಕಿಂತ ನನಗೆ ಸಂಕಟವೆನಿಸುವುದು ಇನ್ನೊಂದು. ಅರ್ಜಿಯಲ್ಲಿ ಮೊಬೈಲ್ ನಂಬರ್, ಇಮೇಲ್ ಅಂಗಡಿಯವನದೇ ಇರುತ್ತದೆ! ಒಟಿಪಿ ಬೇಗ ಬರಲಿ ಎಂದು ಅವನು ತನ್ನದನ್ನೇ ಹಾಕಿರುತ್ತಾನೆ. ಪಾಸ್‌ವರ್ಡೂ ಅವನ ಹತ್ತಿರವೇ. ಹೀಗೆ ದಾಖಲೆ ಪರಿಶೀಲನೆಗೆ ಕರೆದ ಮೆಸೇಜು ಯಾರದೋ ಫೋನಿನಲ್ಲಿ, ಸಾಲದ ಜಾಹೀರಾತುಗಳ ನಡುವೆ ಮಲಗಿರುತ್ತದೆ. ಅತ್ತ ಅಭ್ಯರ್ಥಿ ‘ಏನೂ ಬರಲಿಲ್ಲ, ದುಡ್ಡು ಕೊಟ್ಟವರಿಗೆ ಕೊಟ್ಟಿರಬೇಕು’ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿರುತ್ತಾನೆ. ತಾತ್ಕಾಲಿಕ ಆಯ್ಕೆಪಟ್ಟಿ ಬಂದು ಆಕ್ಷೇಪಣೆಗೆ ಕೊಟ್ಟ ದಿನಗಳೂ ಹೀಗೇ ಜಾರಿಹೋಗುತ್ತವೆ. ಅಂಗಡಿಯವನನ್ನು ದೂರಿ ಫಲವಿಲ್ಲ, ಅವನು ತೆಗೆದುಕೊಂಡದ್ದು ಟೈಪ್ ಮಾಡುವ ಕೂಲಿಯನ್ನಷ್ಟೇ.

ಪರೀಕ್ಷಾ ಕೊಠಡಿಯ ತಪ್ಪುಗಳ ಬಗ್ಗೆ ಕೋಚಿಂಗಿನವರು ಬೇಕಾದಷ್ಟು ಹೇಳಿರುತ್ತಾರೆ: ನೋಂದಣಿ ಸಂಖ್ಯೆಯ ವೃತ್ತ ತಪ್ಪಿಸಬೇಡಿ, ವರ್ಷನ್ ಕೋಡ್ ಮರೆಯಬೇಡಿ ಎಂದು. 545 ಪಿಎಸ್‌ಐ ಹುದ್ದೆಗಳ ಹಗರಣದಲ್ಲಿ ಖಾಲಿ ಬಿಟ್ಟ ಒಎಂಆರ್ ಹಾಳೆಗಳನ್ನು ಆಮೇಲೆ ತುಂಬಿದ್ದು ಬಯಲಾಗಿ, 2021ರ ಅಕ್ಟೋಬರ್‌ನಲ್ಲಿ ನಡೆದಿದ್ದ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಈಗ ಕೆಲವು ಪರೀಕ್ಷೆಗಳಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ತುಂಬಲೆಂದೇ ಐದನೇ ವೃತ್ತ ಇದೆ. ಗೊತ್ತಿಲ್ಲ ಎಂಬುದನ್ನೂ ಬರೆದೇ ಹೇಳಬೇಕಾದ ಕಾಲ. ಕಡ್ಡಾಯ ಕನ್ನಡ ಪತ್ರಿಕೆಯನ್ನು ‘ನಮ್ಮ ಭಾಷೆ ತಾನೆ’ ಎಂದು ಲಘುವಾಗಿ ತೆಗೆದುಕೊಳ್ಳುವವರೂ ಇದ್ದಾರೆ. 150ಕ್ಕೆ 50 ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕಕ್ಕೆ ಬೆಲೆ ಇಲ್ಲ.

ಆಯ್ಕೆಯಾದ ಮೇಲೆಯೂ ಒಂದು ಗುಂಡಿ ಕಾದಿದೆ. ಪೊಲೀಸ್ ಪರಿಶೀಲನೆಗೆ ಕೊಡುವ ನಮೂನೆಯಲ್ಲಿ ‘ನಿಮ್ಮ ಮೇಲೆ ಯಾವುದಾದರೂ ಕೇಸು ಇದೆಯೇ’ ಎಂಬ ಪ್ರಶ್ನೆ ಇರುತ್ತದೆ. ಗಣೇಶನ ಮೆರವಣಿಗೆಯಲ್ಲಿ ಕೈ ಕೈ ಮಿಲಾಯಿಸಿದ್ದು, ಜಮೀನಿನ ಬದುವಿನ ಜಗಳದಲ್ಲಿ ಅಪ್ಪನ ಜೊತೆ ಮಗನ ಹೆಸರೂ ಎಫ್‌ಐಆರ್‌ಗೆ ಸೇರಿದ್ದು, ಇಂಥವು ಹಳ್ಳಿಗಳಲ್ಲಿ ಹೊಸತಲ್ಲ. ‘ರಾಜಿ ಆಗಿದೆಯಲ್ಲ, ಇಲ್ಲ ಅಂತ ಬರಿ’ ಎಂದು ಹಿರಿಯರು ಹೇಳಿಕೊಡುತ್ತಾರೆ. ಆ ಸಲಹೆಗಿಂತ ಕೆಟ್ಟ ಸಲಹೆ ಇಲ್ಲ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲೇ ಈ ವಿಷಯ ವಿಂಗಡಿಸಿ ಹೇಳಿದೆ. ಕೇಸು ಸಣ್ಣದಿದ್ದು ಸತ್ಯ ಹೇಳಿದರೆ ಅಧಿಕಾರಿ ಅದನ್ನು ಪರಿಗಣಿಸಬಹುದು. ಮುಚ್ಚಿಟ್ಟರೆ ಮುಚ್ಚಿಟ್ಟದ್ದೇ ಕೆಲಸದಿಂದ ತೆಗೆಯಲು ಕಾರಣವಾಗಬಹುದು.

ಖಾಸಗಿಯವರ ಕಥೆ ಇದಕ್ಕಿಂತ ಬೇರೆಯಲ್ಲ, ವೇಗ ಮಾತ್ರ ಹೆಚ್ಚು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಅನುಭವದ ಪತ್ರ ತಯಾರಿಸಿಕೊಡುವವರಿದ್ದಾರೆ. ಎರಡು ವರ್ಷ ಕೆಲಸ ಮಾಡಿದೆ ಎಂದು ಬರೆದವನ ಪಿಎಫ್ ಖಾತೆಯಲ್ಲಿ ಒಂದು ತಿಂಗಳ ವಂತಿಗೆಯೂ ಇರುವುದಿಲ್ಲ. ಎಚ್‌ಆರ್‌ನವರು ಯುಎಎನ್ ಸಂಖ್ಯೆ ಕೇಳುವುದು ಇದನ್ನು ನೋಡಲಿಕ್ಕೇ. ಸಂದರ್ಶನ ಗೆದ್ದು, ಆಫರ್ ಲೆಟರ್ ಪಡೆದು, ಊರಿಗೆಲ್ಲ ಪೇಢೆ ಹಂಚಿದ ಮೇಲೆ ಕೆಲಸ ಹೋಗುವುದು ಹೀಗೆ. ಗೆಳೆಯನ ಬಯೋಡೇಟಾ ನಕಲು ಮಾಡಿ ಹೆಸರು ಮಾತ್ರ ಬದಲಿಸಿ, ಕೆಳಗೆ ಅವನ ಅಪ್ಪನ ಹೆಸರನ್ನು ಹಾಗೇ ಬಿಟ್ಟವರ ಬಗ್ಗೆ ಏನು ಹೇಳುವುದು!

ಹಾಗೆಂದು ತಪ್ಪೆಲ್ಲ ಅಭ್ಯರ್ಥಿಗಳದೇ ಎನ್ನಲು ನಾನು ತಯಾರಿಲ್ಲ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, 384 ಹುದ್ದೆಗಳ ಆ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಮತ್ತೆ ಮಾಡಬೇಕಾಯಿತು. ಆಯೋಗ ತಪ್ಪು ಮಾಡಿದರೆ ಇನ್ನೊಂದು ಪರೀಕ್ಷೆ, ಹಳ್ಳಿಯ ಹುಡುಗಿ ಒಂದು ಟಿಕ್ ತಪ್ಪಿಸಿದರೆ ಅವಳ ಆ ನೇಮಕಾತಿಯೇ ಮುಗಿಯಿತು. ವಯೋಮಿತಿಯ ಅಂಚಿನಲ್ಲಿದ್ದರೆ ಕೊನೆಯ ಅವಕಾಶವೂ ಅದೇ. ಅಧಿಸೂಚನೆಗಳೋ, ಕಾನೂನು ಓದಿದವರಿಗೂ ಎರಡು ಸಲ ಓದಬೇಕೆನಿಸುವ ಕನ್ನಡದಲ್ಲಿರುತ್ತವೆ. ಅರ್ಹತೆ ಏನು, ಯಾವ ಕಾಗದ ಯಾವ ತಾರೀಖಿನೊಳಗೆ ಬೇಕು ಎಂಬುದನ್ನು ಮೊದಲ ಪುಟದಲ್ಲೇ ಒಂದು ಪಟ್ಟಿ ಮಾಡಿ ಕೊಟ್ಟರೆ ಆಯೋಗದ ಗಂಟೇನೂ ಹೋಗುವುದಿಲ್ಲ.

ಎಸ್‌ಎಸ್‌ಸಿಯವರು ಅರ್ಜಿಯ ಗಡುವು ಮುಗಿದ ಮೇಲೆ ತಿದ್ದುಪಡಿಗೆ ಕೆಲವು ದಿನ ಬಿಡುತ್ತಾರೆ. ಮೊದಲ ಸಲ ತಿದ್ದಲು 200 ರೂಪಾಯಿ, ಎರಡನೇ ಸಲ 500. ಶುಲ್ಕವಿದ್ದರೂ ದಾರಿಯಾದರೂ ಇದೆ. ನಮ್ಮ ಕೆಪಿಎಸ್‌ಸಿ, ಕೆಇಎ ಎರಡೂ ಪ್ರತಿಯೊಂದು ನೇಮಕಾತಿಯಲ್ಲೂ, ಯಾರೂ ಬೇಡುವ ಮುನ್ನವೇ, ಇಂಥ ಒಂದು ವಾರವನ್ನು ಅಧಿಸೂಚನೆಯಲ್ಲೇ ಸೇರಿಸಬೇಕು. ಕೋರ್ಟುಗಳ ಹೊರೆಯೂ ಇಳಿಯುತ್ತದೆ, ತಮ್ಮ ಕಚೇರಿಯ ಹೊರೆಯೂ ಇಳಿಯುತ್ತದೆ.

ಅಲ್ಲಿಯವರೆಗೆ ಅರ್ಜಿ ಹಾಕುವವರಲ್ಲಿ ಒಂದು ವಿನಂತಿ. ಕಡೇ ದಿನಕ್ಕೆ ಕಾಯಬೇಡಿ. ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಿ, ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಶುಲ್ಕ ಕಟ್ಟುವ ಮುಂಚೆ ಅಂಗಡಿಯವನಿಗೆ “ಅಣ್ಣ, ಒಂದ್ನಿಮಿಷ” ಎಂದು ಹೇಳಿ, ಸ್ಕ್ರೀನನ್ನು ನಿಮ್ಮ ಕಡೆ ತಿರುಗಿಸಿಕೊಂಡು, ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲನ್ನೂ ಓದಿ. ಹಿಂದಿನವರು ಬೈದರೆ ಬೈಯಲಿ.