ವಿಮಾನ ನಿಲ್ದಾಣದಲ್ಲಿ ಅಕ್ಷರದ ಪ್ರಶ್ನೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಅಂತಾರಾಷ್ಟ್ರೀಯ ಯಾನಗಳು 2023ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಟರ್ಮಿನಲ್‌ಗೆ ವರ್ಗಾವಣೆಗೊಂಡವು. ಬಿದಿರಿನ ಛಾವಣಿ, ತೂಗುವ ತೋಟಗಳ ಈ ಕಟ್ಟಡ ಕಣ್ಮನ ಸೆಳೆಯುತ್ತದೆ. ಆದರೆ ಗಲ್ಫ್‌ಗೆ ಮೊದಲ ಬಾರಿ ಹೊರಟ ನಮ್ಮ ಯುವಕನ ಕಣ್ಣು ಛಾವಣಿಯತ್ತ ಹೊರಳುವುದಿಲ್ಲ. ಬೀಳ್ಕೊಡಲು ಬಂದವರು ಬಾಗಿಲಲ್ಲೇ ಉಳಿಯುತ್ತಾರೆ. ಲಗೇಜು, ವಲಸೆ ತಪಾಸಣೆ, ಭದ್ರತಾ ತಪಾಸಣೆಗಳನ್ನು ಅವನು ಒಬ್ಬನೇ ದಾಟಬೇಕು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇ.ಸಿ.ಆರ್.' ವರ್ಗಕ್ಕೆ ಸೇರುತ್ತದೆ. ಇಂಥವರು ಸೌದಿ, ಕುವೈತ್, ಯುಎಇ ಮುಂತಾದ ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರಕಾರದ ಅನುಮತಿ ಪಡೆಯಬೇಕೆಂಬ ವ್ಯವಸ್ಥೆಗೆ 1983ರ ವಲಸೆ ಕಾಯ್ದೆಯೇ ಆಧಾರ. ಶೋಷಣೆಯಿಂದ ಬಡ ಕಾರ್ಮಿಕನನ್ನು ರಕ್ಷಿಸುವುದು ಅದರ ಉದ್ದೇಶ. ಆದರೆ ಏಜೆಂಟರು ಸಂದರ್ಶಕ ವೀಸಾ ಕೈಗಿತ್ತು ಈ ರಕ್ಷಣೆಯನ್ನೇ ತಪ್ಪಿಸುತ್ತಾರೆ. ವಲಸೆ ಕೌಂಟರಿನಲ್ಲಿ ತಡೆದರೆ ತಲೆತಗ್ಗಿಸಿ ನಿಲ್ಲುವವನು ಸಾಲ ಮಾಡಿ ಹೊರಟ ಪ್ರಯಾಣಿಕ. ತಡೆಯದಿದ್ದರೆ ಕರಾರು ಇಲ್ಲದ ದುಡಿಮೆ ಅವನಿಗಾಗಿ ಕಾದಿರುತ್ತದೆ. ಏಜೆಂಟ್ ಮಾತ್ರ ಎರಡೂ ಕಡೆ ಕಾಣಿಸುವುದಿಲ್ಲ. ಸರಕಾರದ ಕಾನೂನು ಮೊದಲು ಹಿಡಿಯಬೇಕಾದದ್ದು ಅವನನ್ನು.

ನಮ್ಮ ಹೊಣೆಯೂ ಕಡಿಮೆಯದಲ್ಲ. ಮದುವೆಗಳಿಗೆ ಲಕ್ಷಾಂತರ ಸುರಿಯುವ ನಾವು ಮಗ ಎಂಟನೆಯ ತರಗತಿಗೆ ಶಾಲೆ ಬಿಟ್ಟಾಗ ಮೌನವಾಗಿರುತ್ತೇವೆ. ಮೊಹಲ್ಲಾದಲ್ಲಿ ಪ್ರತಿಯೊಂದು ಮಗುವೂ ಎಸ್ಸೆಸ್ಸೆಲ್ಸಿ ಮುಗಿಸುವಂತೆ ಜಮಾಅತ್ ಕಮಿಟಿಗಳು ನೋಡಿಕೊಳ್ಳಲಿ. ಹೊರಡುವವರ ವೀಸಾ, ಕರಾರು ಪತ್ರಗಳನ್ನು ಬಲ್ಲವರು ಓದಿ ವಿವರಿಸಲಿ. 'ಓದು' ಎಂಬ ಆಜ್ಞೆಯೊಂದಿಗೆ ದಿವ್ಯವಾಣಿಯನ್ನು ಪಡೆದ ಸಮುದಾಯದ ಮಗ, ತನ್ನ ಕೈಯಲ್ಲಿರುವ ಕಾಗದವನ್ನು ಓದಲಾಗದೆ ಪರರ ಮುಖ ನೋಡುವಂತಾಗಬಾರದು.